ಧ್ವನಿಯಿಂದ ರಂಗಕ್ಕೆ: ಫೆರ್ನಾಂಡಾ ಮೊಂಟೆನೆಗ್ರೊ ಅವರ ಆರಂಭದ ವರ್ಷಗಳು



ದೊಡ್ಡ ಕಲಾವಿದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರ ಕೀರ್ತಿಯ ಶಿಖರದಲ್ಲಿ ನಿಂತು ಹಿಂದಕ್ಕೆ ನೋಡುತ್ತಾರೆ. ಹಾಗೆ ನೋಡಿದಾಗ ಬಾಲ್ಯದ ಒಂದೊಂದು ಸಣ್ಣ ಸಂಗತಿಯೂ ಮುಂದಣ ವೈಭವದ ಮುನ್ಸೂಚನೆಯಾಗಿ ತೋರಿ, ಪ್ರತಿಭೆಯೆಂಬುದು ಹುಟ್ಟಿನೊಡನೆ ಬಂದು ತಕ್ಕ ಮುಹೂರ್ತದಲ್ಲಿ ತಾನಾಗಿಯೇ ಪ್ರಕಟವಾಗುವ ದೈವದತ್ತ ವಸ್ತುವೆಂಬ ನಂಬಿಕೆ ಬಲಿಯುತ್ತದೆ. ಬ್ರೆಜಿಲ್ ದೇಶದ ಅಗ್ರಗಣ್ಯ ನಟಿಯಾದ ಫೆರ್ನಾಂಡಾ ಮೊಂಟೆನೆಗ್ರೊ ಅವರ ಆರಂಭದ ವರ್ಷಗಳನ್ನು ಕುರಿತು ಇಂದು ನಾನು ಮಾತನಾಡಲು ಒಪ್ಪಿಕೊಂಡುದಕ್ಕೆ ಮುಖ್ಯ ಕಾರಣವೆಂದರೆ, ಆ ವರ್ಷಗಳನ್ನು ಸಮೀಪದಿಂದ ನೋಡಿದವರಿಗೆ ಈ ನಂಬಿಕೆ ನಿಲ್ಲಲಾರದು. ಅಲ್ಲಿ ಕಾಣುವುದು ಅದೃಷ್ಟದ ಆಟವಲ್ಲ. ದುಡಿಯುವ ವರ್ಗದ ಕುಟುಂಬವೊಂದರಲ್ಲಿ ಹುಟ್ಟಿದ ಹುಡುಗಿಗೆ ಸಾರ್ವಜನಿಕ ಸಂಸ್ಥೆಯೊಂದು ಬಾಗಿಲು ತೆರೆದುದು, ಆ ಬಾಗಿಲಿನ ಒಳಗೆ ಆಕೆ ಯಾರ ಕಣ್ಣಿಗೂ ಬೀಳದೆ ವರ್ಷಾನುಗಟ್ಟಲೆ ಶಬ್ದಸಾಧನೆ ಮಾಡಿದುದು, ಆ ಸಾಧನೆಯ ಬಲದಿಂದ ರಂಗವನ್ನೂ ತೆರೆಯನ್ನೂ ಒಂದೊಂದು ಮೆಟ್ಟಲಾಗಿ ಹತ್ತಿದುದು, ಇವೇ ಅಲ್ಲಿ ಕಾಣುತ್ತವೆ.

1929ರ ಅಕ್ಟೋಬರ್ 16ರಂದು ರಿಯೊ ಡಿ ಜನೈರೊ ನಗರದಲ್ಲಿ ಈಕೆ ಜನಿಸಿದರು. ತಾಯಿತಂದೆಗಳು ಇಟ್ಟ ಹೆಸರು ಆರ್ಲೆಟ್. ರಿಯೊ ಎಂದೊಡನೆ ನಮ್ಮ ಕಣ್ಣೆದುರು ಬರುವ ಕಡಲತೀರ, ಗಿರಿಶಿಖರ, ಧನಿಕರ ಸೌಧಗಳು ದಕ್ಷಿಣ ಭಾಗಕ್ಕೆ ಸೇರಿದವು. ಆರ್ಲೆಟ್ ಹುಟ್ಟಿ ಬೆಳೆದುದು ಸಮುದ್ರಕ್ಕೆ ದೂರವಾದ ಉತ್ತರದ ಉಪನಗರಗಳಲ್ಲಿ, ರೈಲುಹಾದಿಯ ಆಸುಪಾಸಿನಲ್ಲಿ ಕಾರ್ಮಿಕರೂ ಗುಮಾಸ್ತರೂ ಸಣ್ಣ ವ್ಯಾಪಾರಿಗಳೂ ಕಟ್ಟಿಕೊಂಡ ವಸತಿಗಳ ನಡುವೆ. ಕಾಂಪಿನ್ಯೊ ಎಂಬುದು ಆ ಬಡಾವಣೆಯ ಹೆಸರು. ತಂದೆ ಪೋರ್ಚುಗೀಸ್ ಮೂಲದವರು, ಯಂತ್ರಕಾರ್ಯದಲ್ಲಿ ನಿಪುಣರಾದ ಕುಶಲಕರ್ಮಿ. ತಾಯಿಯ ಮನೆಯವರು ಇಟಲಿಯ ಸಾರ್ಡಿನಿಯಾ ದ್ವೀಪದಿಂದ ಬದುಕನ್ನರಸಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದವರು. ಕೆಲಸಕ್ಕೆಂದು ಬಂದ ವಲಸಿಗರ ಮನೆಗಳಲ್ಲಿ ಸಹಜವಾಗಿರುವ ಮಿತವ್ಯಯವೂ ದುಡಿಮೆಯ ಗೌರವವೂ ಈ ಕುಟುಂಬದಲ್ಲಿದ್ದುವು. ನಾಟಕದ ಪರಂಪರೆಯಾಗಲಿ ಕಲಾಪೋಷಕರ ಸಂಬಂಧವಾಗಲಿ ಇರಲಿಲ್ಲ.

ಎಂಟು ವರ್ಷದ ಬಾಲಿಕೆಯಾಗಿದ್ದಾಗ ಆರ್ಲೆಟ್ ಇಗರ್ಜಿಯ ನಾಟಕವೊಂದರಲ್ಲಿ ಪಾತ್ರ ವಹಿಸಿದ್ದುಂಟು. ಆದರೆ ಅಂತಹ ನಾಟಕಗಳಲ್ಲಿ ಪಾತ್ರ ವಹಿಸಿದ ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರಾದುದರಿಂದ ಆ ಸಂಗತಿಗೆ ಹೆಚ್ಚಿನ ಬೆಲೆ ಕಟ್ಟುವುದು ತರವಲ್ಲ. ಅದಕ್ಕಿಂತ ಗಮನಿಸತಕ್ಕುದು ಆಕೆಯ ವಿದ್ಯಾಭ್ಯಾಸದ ರೀತಿ. ಪ್ರಾಥಮಿಕ ಶಿಕ್ಷಣವಾದ ಮೇಲೆ ಆಕೆಯನ್ನು ಹಚ್ಚಿದುದು ಕಾರ್ಯದರ್ಶಿಯ ತರಬೇತಿಗೆ. ಅಂದರೆ ಬೇಗನೆ ಒಂದು ಕಛೇರಿಯಲ್ಲಿ ನೌಕರಿ ಹಿಡಿದು ಮನೆಗೆ ನೆರವಾಗಬೇಕೆಂಬ ವಿವೇಕದ ದಾರಿಗೆ. ಶೀಘ್ರಲಿಪಿ, ಅನ್ಯಭಾಷೆಗಳ ಪರಿಚಯ, ಪತ್ರವ್ಯವಹಾರದ ಶಿಸ್ತು, ಇವು ಆ ದಾರಿಯ ಪಾಠಗಳು. ಮುಂದೆ ಬರ್ಲಿಟ್ಜ್ ಎಂಬ ಪ್ರಸಿದ್ಧ ಭಾಷಾಶಾಲೆಯಲ್ಲಿ ಪರದೇಶೀಯರಿಗೆ ಪೋರ್ಚುಗೀಸ್ ಭಾಷೆಯನ್ನು ಕಲಿಸುವ ಕೆಲಸವನ್ನೂ ಆಕೆ ಮಾಡಿದರು. ತಾಯ್ನುಡಿಯನ್ನು ಪರಕೀಯರಿಗೆ ಬೋಧಿಸುವವನು ಅದರ ಒಂದೊಂದು ಸ್ವರವನ್ನೂ ಬಿಡಿಸಿ ತೋರಿಸಬೇಕಾಗುತ್ತದೆ. ನಿತ್ಯದ ಆಡುಮಾತಿನಲ್ಲಿ ಅರಿವಿಲ್ಲದೆ ನುಡಿಯುವುದನ್ನು ಅರಿತು ನುಡಿಯಬೇಕಾಗುತ್ತದೆ. ಹೊಟ್ಟೆಪಾಡಿಗಾಗಿ ಮಾಡಿದ ಈ ಅಧ್ಯಾಪನವೂ ನಟಿಯ ಶಿಕ್ಷಣದ ಭಾಗವೇ ಆಯಿತೆಂದು ನನಗೆ ತೋರುತ್ತದೆ.

ಇನ್ನು ಆ ಬಾಗಿಲಿನ ವಿಷಯ. ಬ್ರೆಜಿಲ್ ದೇಶದಲ್ಲಿ ರೇಡಿಯೋ ಪ್ರಸಾರವು ಮೊಟ್ಟಮೊದಲು ಸಾರ್ವಜನಿಕವಾಗಿ ಕೇಳಿಬಂದುದು 1922ರ ಸೆಪ್ಟೆಂಬರ್ 7ರಂದು, ಸ್ವಾತಂತ್ರ್ಯದ ಶತಮಾನೋತ್ಸವದ ದಿನ. ಅದರ ಮರುವರ್ಷವೇ ಎಡ್ಗಾರ್ ರೊಕೆಟ್ ಪಿಂಟೊ ಎಂಬ ವೈದ್ಯರೂ ಮಾನವಶಾಸ್ತ್ರಜ್ಞರೂ ಆದ ವಿದ್ವಾಂಸರು ಕೆಲವರು ವಿಜ್ಞಾನಿಗಳೊಡಗೂಡಿ ರಿಯೊ ಡಿ ಜನೈರೊ ರೇಡಿಯೋ ಸಂಘವನ್ನು ಸ್ಥಾಪಿಸಿದರು. ಶಾಲೆಯಿಲ್ಲದವನಿಗೆ ಶಾಲೆಯಾಗಿ, ಪುಸ್ತಕವಿಲ್ಲದವನಿಗೆ ಪುಸ್ತಕವಾಗಿ ರೇಡಿಯೋ ನಿಲ್ಲಬೇಕೆಂಬುದು ಅವರ ಆದರ್ಶ. ಪ್ರೇಷಣಯಂತ್ರಗಳ ಶಕ್ತಿಯನ್ನು ಹೆಚ್ಚಿಸಬೇಕೆಂದು ಸರಕಾರವು ನಿಯಮ ಮಾಡಿದಾಗ ಅದಕ್ಕೆ ತಕ್ಕ ಹಣ ಸಂಘದಲ್ಲಿರಲಿಲ್ಲ. ಜಾಹೀರಾತುಗಳಿಗೆ ಒಪ್ಪಿದ್ದರೆ ಹಣ ಸುಲಭವಾಗಿ ಒದಗುತ್ತಿತ್ತು. ರೊಕೆಟ್ ಪಿಂಟೊ ಅವರು ಆ ದಾರಿಯನ್ನು ಹಿಡಿಯದೆ, 1936ರಲ್ಲಿ, ಶಿಕ್ಷಣಕ್ಕೂ ಸಂಸ್ಕೃತಿಗೂ ಮಾತ್ರವೇ ಇದನ್ನು ಬಳಸತಕ್ಕದ್ದೆಂಬ ನಿಬಂಧನೆಯೊಡನೆ ಇಡೀ ಸಂಸ್ಥೆಯನ್ನು ಶಿಕ್ಷಣ ಸಚಿವಾಲಯಕ್ಕೆ ದಾನವಾಗಿ ಕೊಟ್ಟುಬಿಟ್ಟರು. ದಾನಿಯು ವಸ್ತುವನ್ನು ಕೊಡುವುದರ ಜೊತೆಗೆ ಅದರ ಧರ್ಮವನ್ನೂ ಗೊತ್ತುಮಾಡಿ ಕೊಟ್ಟನೆಂಬುದು ಇಲ್ಲಿನ ವಿಶೇಷ. ದತ್ತಿಯೆಂಬುದರ ನಿಜವಾದ ಲಕ್ಷಣವೂ ಇದೇ. ಈ ದಾನದ ಫಲವನ್ನು ಉಂಡವರಲ್ಲಿ ಕಾಂಪಿನ್ಯೊ ಬಡಾವಣೆಯ ಹುಡುಗಿಯೂ ಒಬ್ಬಳು.

ತನ್ನ 15ನೆಯ ವಯಸ್ಸಿನಲ್ಲಿ, ಹೊಸಬರಿಗಾಗಿ ನಡೆದ ಆಯ್ಕೆಯೊಂದರ ಮೂಲಕ, ಆರ್ಲೆಟ್ ಸಚಿವಾಲಯದ ಈ ರೇಡಿಯೋ ಕೇಂದ್ರವನ್ನು ಸೇರಿದಳು. ಮೊದಲು ಕಲಿಯುವವಳು, ಬಳಿಕ ರೇಡಿಯೋ ನಾಟಕದ ನಟಿ, ಅನಂತರ ಉದ್ಘೋಷಕಿ, ಕೊನೆಗೆ ಕಾದಂಬರಿಗಳನ್ನೂ ಕಥೆಗಳನ್ನೂ ಶ್ರವ್ಯರೂಪಕ್ಕೆ ಇಳಿಸುವ ಲೇಖಕಿ. ಹೀಗೆ ಸುಮಾರು ಹತ್ತು ವರ್ಷ ಆಕೆಯ ಜೀವನ ಆ ಕಟ್ಟಡದೊಡನೆ ಹೆಣೆದುಕೊಂಡಿತು. ವಾಣಿಜ್ಯ ಕೇಂದ್ರಗಳಲ್ಲಿ ಆಗ ಸಾಬೂನು, ದಂತಮಂಜನಗಳ ಪ್ರಚಾರದೊಡನೆ ಕಣ್ಣೀರಿನ ಧಾರಾವಾಹಿಗಳು ವಿಜೃಂಭಿಸುತ್ತಿದ್ದರೆ, ಇಲ್ಲಿ ಶಿಷ್ಟ ಸಾಹಿತ್ಯ, ಶಾಸ್ತ್ರೀಯ ಸಂಗೀತ, ಭಾಷಾಪಾಠಗಳು ಪ್ರಸಾರವಾಗುತ್ತಿದ್ದುವು. ಕಾಲೇಜಿನ ಮೆಟ್ಟಲನ್ನೇರದ ತರುಣಿಗೆ ಕಾಲೇಜೊಂದು ತಾನಾಗಿಯೇ ದೊರಕಿದಂತಾಯಿತು. ದಿನವೂ ಒಳ್ಳೆಯ ಗ್ರಂಥವನ್ನು ಓದಬೇಕು, ಓದಿದುದನ್ನು ಸಂಗ್ರಹಿಸಬೇಕು, ಸಂಗ್ರಹಿಸಿದುದನ್ನು ಬಾಯಲ್ಲಿ ಆಡಿ ನೋಡಬೇಕು. ಇಂತಹ ವಿದ್ಯಾಭ್ಯಾಸಕ್ಕೆ ಸಂಬಳವೂ ಬಂದರೆ ಅದಕ್ಕಿಂತ ಮಿಗಿಲಾದ ಭಾಗ್ಯವನ್ನು ಬಡಮನೆಯ ವಿದ್ಯಾರ್ಥಿನಿ ಬೇಡಲಾರಳು.

ನಮ್ಮ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ರೇಡಿಯೋ ನಾಟಕದಲ್ಲಿ ಮೈಯ ಚಲನೆಗೆ ಬೆಲೆಯಿಲ್ಲ, ವೇಷಭೂಷಣಗಳಿಗೆ ಅವಕಾಶವಿಲ್ಲ. ಮುಖದ ಮೇಲೆ ಎಂತಹ ಭಾವ ಮಿಂಚಿದರೂ ಕೇಳುವವನಿಗೆ ಅದು ತಲಪುವುದು ಕಂಠದ ಮೂಲಕವೇ. ಅಂದಮೇಲೆ ಅಲ್ಲಿ ಬೆಳೆದ ನಟಿಯು ವಾಚಿಕವೊಂದರಲ್ಲಿಯೇ ಮಿಕ್ಕ ಮೂರನ್ನೂ ಅಡಗಿಸಿಡುವ ಕೌಶಲವನ್ನು ಪಡೆಯಲೇಬೇಕು. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಮಾತಿಗೂ ಮಾತಿಗೂ ನಡುವಣ ಮೌನವನ್ನು ಎಷ್ಟು ಹೊತ್ತು ತಾಳಬೇಕು, ವೃದ್ಧೆಯ ದಣಿವನ್ನೂ ಬಾಲಿಕೆಯ ಉತ್ಸಾಹವನ್ನೂ ಒಂದೇ ಕಂಠದಿಂದ ಹೇಗೆ ಹೊರಡಿಸಬೇಕು ಎಂಬ ಸೂಕ್ಷ್ಮಗಳು ಆಕೆಗೆ ಹದಿಹರೆಯದಲ್ಲಿಯೇ ಕರಗತವಾದುವು. ಇದರ ಸಾಮಾಜಿಕ ಅರ್ಥವನ್ನೂ ನಾವು ಮರೆಯಬಾರದು. 1940ರ ಜನಗಣತಿಯ ಕಾಲಕ್ಕೆ ಬ್ರೆಜಿಲ್ ದೇಶದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿರಕ್ಷರರು. ಅಕ್ಷರವನ್ನರಿಯದ ಆ ಜನಸಮುದಾಯಕ್ಕೆ ಕಾದಂಬರಿಯನ್ನು ತಲಪಿಸುವ ಧ್ವನಿಯು ಕೇವಲ ಮನರಂಜನೆಯ ಸಾಧನವಲ್ಲ. ಅದು ಗ್ರಂಥವೇ ಆಗಿ ನಿಲ್ಲುತ್ತದೆ.

ಲೇಖಕಿಯಾಗಿ ದುಡಿಯತೊಡಗಿದಾಗಲೇ ಆಕೆ ಫೆರ್ನಾಂಡಾ ಮೊಂಟೆನೆಗ್ರೊ ಎಂಬ ಕಾವ್ಯನಾಮವನ್ನು ತಳೆದರು; ಹಳೆಯ ಫ್ರೆಂಚ್ ಕಾದಂಬರಿಗಳ ಗಂಧವುಳ್ಳ ಒಂದು ಹೆಸರೂ, ಮನೆಯವರ ಬಾಯಲ್ಲಿ ಕೇಳಿದ್ದ ವೈದ್ಯರೊಬ್ಬರ ಉಪನಾಮವೂ ಸೇರಿ ಅದಾಯಿತು. ಕೇಂದ್ರವಿದ್ದುದು ನಗರದ ನಡುವಣ ಗಣರಾಜ್ಯ ಚೌಕದಲ್ಲಿ; ಅಲ್ಲಿಯೇ ಸಮೀಪದಲ್ಲಿ ರಾಷ್ಟ್ರೀಯ ನ್ಯಾಯವಿದ್ಯಾಶಾಲೆ, ಅದರಲ್ಲೊಂದು ವಿದ್ಯಾರ್ಥಿಗಳ ಹವ್ಯಾಸಿ ನಾಟಕ ಬಳಗ. ಕಂಠಕ್ಕೆ ಮೈಯೂ ಕೂಡಿಬರಬೇಕೆಂಬ ಹಂಬಲ ಆಕೆಯನ್ನು ಆ ಬಳಗಕ್ಕೆ ಕರೆದೊಯ್ದಿತು.

ಆ ಕಾಲದ ಬ್ರೆಜಿಲ್ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಂಪನಿಯ ಯಜಮಾನನೇ ಮುಖ್ಯನಟ. ಉಳಿದವರು ಅವನ ಸುತ್ತ ನಿಲ್ಲತಕ್ಕವರು. ನಾಟಕಗಳು ಬೇಗಬೇಗನೆ ಬದಲಾಗುತ್ತಿದ್ದುದರಿಂದ ನಟರಿಗೆ ಮಾತು ಬಾಯಿಪಾಠವಾಗುವಷ್ಟು ಸಮಯವಿಲ್ಲದೆ, ರಂಗದ ಮುಂಭಾಗದ ಗೂಡಿನಲ್ಲಿ ಅಡಗಿ ಕುಳಿತವನು ಸಾಲುಸಾಲಾಗಿ ಮಾತನ್ನು ಎತ್ತಿಕೊಡುತ್ತಿದ್ದನು. ಬ್ರೆಜಿಲ್ ಜನ ಬೀದಿಯಲ್ಲಿ ಆಡುವ ಪೋರ್ಚುಗೀಸ್ ಬೇರೆ, ರಂಗದ ಮೇಲೆ ಲಿಸ್ಬನ್ ಛಾಯೆಯಲ್ಲಿ ನುಡಿಯುತ್ತಿದ್ದುದು ಬೇರೆ. ಈ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದುದು 1943ರ ಡಿಸೆಂಬರ್ ತಿಂಗಳಿನಲ್ಲಿ. ನೆಲ್ಸನ್ ರೊಡ್ರಿಗಸ್ ಅವರ ‘ಮದುವಣಗಿತ್ತಿಯ ಉಡುಪು’ ಎಂಬ ನಾಟಕವನ್ನು, ಯುದ್ಧದ ದೆಸೆಯಿಂದ ಪೋಲೆಂಡ್ ದೇಶವನ್ನು ಬಿಟ್ಟು ಬಂದಿದ್ದ ಝಿಯೆಂಬಿನ್ಸ್ಕಿ ಎಂಬ ನಿರ್ದೇಶಕರು ಹವ್ಯಾಸಿ ಕಲಾವಿದರನ್ನು ಕೂಡಿಸಿಕೊಂಡು ರಿಯೊ ನಗರದ ಪುರಭವನ ರಂಗಮಂದಿರದಲ್ಲಿ ಆಡಿಸಿದರು. ಬೆಳಕು, ರಂಗಸಜ್ಜಿಕೆ, ಸಮೂಹಾಭಿನಯ, ದೀರ್ಘಕಾಲದ ತಾಲೀಮು ಇವೆಲ್ಲವನ್ನೂ ಒಬ್ಬ ನಿರ್ದೇಶಕನ ದೃಷ್ಟಿಯು ಆಳಬಲ್ಲುದೆಂಬುದನ್ನು ಪ್ರೇಕ್ಷಕರು ಅಂದು ಪ್ರತ್ಯಕ್ಷವಾಗಿ ಕಂಡರು. ಫೆರ್ನಾಂಡಾ ಅವರು ರಂಗವನ್ನು ಪ್ರವೇಶಿಸಿದುದು ಹಳೆಯದು ಇನ್ನೂ ಅಳಿಯದ, ಹೊಸದು ಇನ್ನೂ ನೆಲೆಯೂರದ ಈ ಸಂಧಿಕಾಲದಲ್ಲಿ.

1950ರಲ್ಲಿ, 21ನೆಯ ವಯಸ್ಸಿನಲ್ಲಿ, ವೃತ್ತಿರಂಗದ ಮೇಲೆ ಆಕೆಯ ಮೊದಲ ಪ್ರವೇಶ. ಫ್ರೆಂಚ್ ಮೂಲದ ‘ಪರ್ವತಗಳಲ್ಲಿ ಉಲ್ಲಾಸಗೀತೆಗಳು’ ಎಂಬ ಆ ನಾಟಕದಲ್ಲಿ ಸಹನಟರಾಗಿದ್ದವರು ಫೆರ್ನಾಂಡೊ ಟೊರೆಸ್. 1953ರಲ್ಲಿ ಇಬ್ಬರೂ ವಿವಾಹವಾದರು, 2008ರಲ್ಲಿ ಟೊರೆಸ್ ತೀರಿಕೊಳ್ಳುವ ತನಕ ಆ ದಾಂಪತ್ಯವೂ ರಂಗಸಖ್ಯವೂ ಜೊತೆಜೊತೆಯಾಗಿ ಸಾಗಿದುವು. ನಟಿಯ ವೃತ್ತಿಯನ್ನು ಸಭ್ಯ ಸಮಾಜ ಅಂದು ಸಂಶಯದಿಂದ ನೋಡುತ್ತಿತ್ತು. ಆ ವೃತ್ತಿಗೆ ಕಾನೂನಿನ ಮನ್ನಣೆ ದೊರೆತುದೇ 1978ರಲ್ಲಿ. ಕಾರ್ಯದರ್ಶಿಯ ತರಬೇತಿಯನ್ನು ಪಡೆದು, ರೇಡಿಯೋದಲ್ಲಿ ಗೌರವದ ಕೆಲಸದಲ್ಲಿದ್ದ ತರುಣಿ ಈ ಅನಿಶ್ಚಿತ ಜೀವನವನ್ನು ಬುದ್ಧಿಪೂರ್ವಕವಾಗಿ ಆರಿಸಿಕೊಂಡಳೆಂಬುದರ ಗುರುತ್ವವನ್ನು ನಾವು ಅಳೆಯಬೇಕಾದುದು ಈ ಹಿನ್ನೆಲೆಯಲ್ಲಿ.

1951ರ ಜನವರಿಯಲ್ಲಿ ರಿಯೊ ನಗರದಲ್ಲಿ ಟುಪಿ ಎಂಬ ಟೆಲಿವಿಷನ್ ಕೇಂದ್ರ ಪ್ರಾರಂಭವಾಯಿತು. ಅದು ಕರಾರಿನ ಮೇಲೆ ತೆಗೆದುಕೊಂಡ ಮೊದಲನೆಯ ನಟಿ ಫೆರ್ನಾಂಡಾ. ದೃಶ್ಯಗಳನ್ನು ಮುದ್ರಿಸಿಡುವ ಪಟ್ಟಿಗಳು ಆಗ ಇರಲಿಲ್ಲ. ನಾಟಕವನ್ನು ಕ್ಯಾಮೆರಾದ ಮುಂದೆ ಆಡುತ್ತಿದ್ದಂತೆಯೇ ಅದು ಮನೆಮನೆಗೆ ಹೋಗುತ್ತಿತ್ತು. ತಪ್ಪಿದ ಮಾತನ್ನು ಮತ್ತೆ ತಿದ್ದುವ ಅವಕಾಶ ಯಾರಿಗೂ ಇರಲಿಲ್ಲ. ಮೊದಲಿನ ಎರಡು ವರ್ಷಗಳಲ್ಲಿ ಆಕೆ ಸುಮಾರು 80 ನಾಟಕಗಳಲ್ಲಿ ಪಾತ್ರ ವಹಿಸಿದರು. ಶರೀರವಿಲ್ಲದ ಶಾರೀರವಾಗಿ ಬೆಳೆದವರಿಗೆ ಈಗ ಮುಖವನ್ನು ಅತಿ ಸಮೀಪದಿಂದ ನೋಡುವ ಯಂತ್ರವೊಂದು ಎದುರಾಯಿತು. ರಂಗಮಂದಿರದ ಕೊನೆಯ ಸಾಲಿಗೆ ತಲಪಬೇಕಾದ ಹಸ್ತಚಾಲನೆ ಇಲ್ಲಿ ಅತಿರೇಕವಾಗುತ್ತದೆ. ಕಣ್ಣಿನ ಅಲುಗಾಟವೊಂದೇ ಸಾಕಾಗುತ್ತದೆ. ರೇಡಿಯೋದಲ್ಲಿ ಕಲಿತ ಮಿತವು ಇಲ್ಲಿ ಆಕೆಯ ನೆರವಿಗೆ ಬಂದಿತು. 1952ರಲ್ಲಿ ವಿಮರ್ಶಕರ ಸಂಘವು ಹೊಸ ಪ್ರತಿಭೆಗೆ ಕೊಡುವ ಪ್ರಶಸ್ತಿಯನ್ನಿತ್ತು ಆಕೆಯನ್ನು ಗುರುತಿಸಿತು. ಆ ಪ್ರಶಸ್ತಿಗೆ ಕಾರಣವಾದ ಪಾತ್ರಗಳಲ್ಲೊಂದು ಇಂಗ್ಲಿಷ್ ನಾಟಕಕಾರ ಪ್ರೀಸ್ಟ್ಲಿಯ ‘ಇನ್‌ಸ್ಪೆಕ್ಟರ್’ ನಾಟಕದ್ದು.

ಅಲ್ಲಿಂದ ಮುಂದಕ್ಕೆ ಆಕೆ ಗುರುಗಳನ್ನು ಹುಡುಕಿಕೊಂಡು ಹೋದರೆಂದರೆ ತಪ್ಪಾಗಲಾರದು. ಫ್ರಾನ್ಸ್ ದೇಶದಿಂದ ಬಂದು ನೆಲಸಿದ್ದ ಹೆನ್ರಿಯೆಟ್ ಮೊರಿನೊ ಎಂಬ ಹಿರಿಯ ನಟಿಯ ಮಂಡಳಿಯಲ್ಲಿ ಮೊದಲು ಶಿಸ್ತನ್ನು ಕಲಿತು, 1954ರಲ್ಲಿ ಸಾವೊ ಪಾಲೊ ನಗರಕ್ಕೆ ತೆರಳಿ, ಆಗತಾನೆ ಕಟ್ಟಿದ್ದ ಮರಿಯಾ ಡೆಲ್ಲಾ ಕೋಸ್ಟಾ ರಂಗಮಂದಿರದ ಮಂಡಳಿಯನ್ನು ಸೇರಿದರು. ಮಿಲಾನ್ ನಗರದ ಹೆಸರಾಂತ ಪಿಕೊಲೊ ಥಿಯೇಟರ್ ಸ್ಥಾಪನೆಯ ಕಾಲದಿಂದ ಅದರ ರಂಗಸಜ್ಜಿಕೆಯ ಶಿಲ್ಪಿಯಾಗಿದ್ದ ಜಾನ್ನಿ ರಾತ್ತೊ ಅದೇ ವರ್ಷ ಇಟಲಿಯಿಂದ ಬಂದು ಅಲ್ಲಿ ನಿರ್ದೇಶಕರಾದರು. ಪದ್ಯದ ಒಂದೊಂದು ಪಾದವನ್ನೂ ಬಿಡಿಸಿ ನೋಡುವ ಪಂಡಿತನ ತಾಳ್ಮೆಯಿಂದ ನಾಟಕದ ಪಾಠವನ್ನು ನಟರೊಡನೆ ಮೇಜಿನ ಸುತ್ತ ಕುಳಿತು ವಿಶ್ಲೇಷಿಸುವುದು ಅವರ ಕ್ರಮ. ಹತ್ತು ವರ್ಷ ಗ್ರಂಥಗಳನ್ನು ಮಾತಾಗಿಸುತ್ತಿದ್ದ ನಟಿಗೆ ಇಂತಹ ನಿರ್ದೇಶಕರು ಸಿಕ್ಕಿದುದು ಪರಸ್ಪರ ಭಾಗ್ಯವೇ ಸರಿ.

ಆ ಸಮಾಗಮದ ಫಲವೇ 1955ರ ‘ಸಾಲದ ಗಡುವು’. ಅದನ್ನು ಬರೆದವರು ಜಾರ್ಜ್ ಆಂಡ್ರಾಡೆ, ಕಾಫಿ ತೋಟದ ಮನೆತನದಲ್ಲಿ ಹುಟ್ಟಿದ ತರುಣ ನಾಟಕಕಾರರು. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು ಕಾಫಿಯ ಬೆಲೆ ಪಾತಾಳಕ್ಕಿಳಿದಾಗ, ತಲೆಮಾರುಗಳಿಂದ ಭೂಮಿಯ ಒಡೆಯರಾಗಿದ್ದ ಕುಟುಂಬಗಳು ಸಾಲಗಾರರ ಪಾಲಾದುವು. ಸರಕಾರವು ಲಕ್ಷಾಂತರ ಚೀಲ ಕಾಫಿಯನ್ನು ಕೊಂಡು ಸುಟ್ಟರೂ ಬೆಲೆ ಏಳಲಿಲ್ಲ. ಅಂತಹ ಒಂದು ಮನೆಯ ಕಥೆ ಈ ನಾಟಕ. ರಂಗವನ್ನು ಎರಡಾಗಿ ಭಾಗಿಸಿ, ಒಂದು ಕಡೆ 1929ರ ತೋಟದ ಮನೆಯನ್ನೂ ಮತ್ತೊಂದು ಕಡೆ 1932ರ ಪಟ್ಟಣದ ಬಡವಾಸವನ್ನೂ ಏಕಕಾಲದಲ್ಲಿ ತೋರಿಸಲಾಯಿತು. ಕಳೆದುಹೋದ ಭೂಮಿ ಮರಳಿ ಬರುವುದೆಂದು ಕಾಯುವ ತಂದೆ, ಹೊಲಿಗೆಯಂತ್ರದ ಮುಂದೆ ಕುಳಿತು ಮನೆಯನ್ನು ಸಾಕುವ ಮಗಳು ಲೂಸಿಲಿಯಾ. ಆ ಮಗಳ ಪಾತ್ರ ಫೆರ್ನಾಂಡಾ ಅವರದು. ಸುಖದ ನೆನಪೂ ದುಡಿಮೆಯ ಕಠೋರತೆಯೂ ಒಂದೇ ವ್ಯಕ್ತಿಯಲ್ಲಿ ಕ್ಷಣಕ್ಷಣಕ್ಕೆ ಸ್ಥಾನ ಬದಲಿಸಬೇಕಾದ ಈ ಪಾತ್ರಕ್ಕೆ ಬಾಹ್ಯಾಡಂಬರದ ಅಭಿನಯ ಸಾಲದು. ಅದೇ ಹೆಂಗಸು ಮೂರು ವರ್ಷಗಳಲ್ಲಿ ಎಷ್ಟು ಮಾಗಿದಳೆಂಬುದು ಸ್ವರದಲ್ಲಿಯೇ ತಿಳಿಯಬೇಕು. ದೇಶವು ಆಕೆಯನ್ನು ಪ್ರಥಮಶ್ರೇಣಿಯ ನಟಿಯೆಂದು ಒಪ್ಪಿಕೊಂಡುದು ಈ ಪಾತ್ರದಿಂದ. ಕಾಫಿಯ ಅರಸರು ಕುಸಿದ ವರ್ಷದಲ್ಲಿಯೇ ಹುಟ್ಟಿದ ಕುಶಲಕರ್ಮಿಯ ಮಗಳು, ಆ ಅರಸರ ಮನೆಯ ಮಗಳಿಗೆ ದುಡಿಮೆ ಕಲಿಸಿದ ಘನತೆಯನ್ನು ರಂಗದ ಮೇಲೆ ನಿಲ್ಲಿಸಿದಳೆಂಬುದರಲ್ಲಿ ಚರಿತ್ರೆಯ ಒಂದು ನ್ಯಾಯ ನನಗೆ ಕಾಣುತ್ತದೆ.

ತರುವಾಯ ಸಾವೊ ಪಾಲೊ ನಗರದ ಪ್ರತಿಷ್ಠಿತ ಬ್ರೆಜಿಲ್ ಹರ್ಷನಾಟಕ ರಂಗಮಂದಿರದಲ್ಲಿ ಕೆಲವು ವರ್ಷ ದುಡಿದು, ಸೆರ್ಜಿಯೊ ಬ್ರಿಟೊ ಅವರ ನೇತೃತ್ವದಲ್ಲಿ ಟುಪಿ ಕೇಂದ್ರದಿಂದ ವಾರಕ್ಕೊಂದರಂತೆ ಪ್ರಸಾರವಾಗುತ್ತಿದ್ದ ನಾಟಕಮಾಲೆಯಲ್ಲಿ ಲೋಕಸಾಹಿತ್ಯದ ಹಲವು ನಾಯಿಕೆಯರಿಗೆ ಜೀವ ತುಂಬಿ, 1959ರಲ್ಲಿ ಆಕೆ ಪತಿಯೊಡನೆಯೂ ಬ್ರಿಟೊ, ಈಟಲೊ ರೊಸ್ಸಿ, ರಾತ್ತೊ ಮೊದಲಾದವರೊಡನೆಯೂ ಸೇರಿ ‘ಏಳ್ವರ ರಂಗಮಂಡಳಿ’ಯನ್ನು ಕಟ್ಟಿದರು. ವಿದೇಶೀಯ ನಾಟಕಗಳ ಮೋಹವೇ ಹಿರಿದಾಗಿದ್ದ ಆ ದಿನಗಳಲ್ಲಿ ಅವರು ಮೊದಲ ಪ್ರಯೋಗಕ್ಕೆ ಆರಿಸಿಕೊಂಡುದು ಆರ್ತುರ್ ಅಜೆವೆದೊ ಮತ್ತು ಜೋಸೆ ಪಿಜಾ 1904ರಲ್ಲಿ ಬರೆದಿದ್ದ ‘ಮಂಬೆಂಬೆ’ ಎಂಬ ಸ್ವದೇಶೀ ಕೃತಿಯನ್ನು. ಊರಿಂದೂರಿಗೆ ಅಲೆಯುವ ಬಡ ನಾಟಕ ಮಂಡಳಿಯ ಸುಖದುಃಖಗಳೇ ಅದರ ವಸ್ತು. ತಮ್ಮ ವೃತ್ತಿಯ ಪೂರ್ವಿಕರಿಗೆ ಸಲ್ಲಿಸಿದ ಈ ಗೌರವವನ್ನು ಪುರಭವನ ರಂಗಮಂದಿರದ ಪ್ರೇಕ್ಷಕರು ಹೃತ್ಪೂರ್ವಕವಾಗಿ ಸ್ವಾಗತಿಸಿದರು.

ನೆಲ್ಸನ್ ರೊಡ್ರಿಗಸ್ ಅವರನ್ನು ಬಿಡದೆ ಕಾಡಿ ಬೇಡಿ ಆಕೆ ಬರೆಯಿಸಿದ ನಾಟಕ ‘ಡಾಂಬರಿನ ಮೇಲಣ ಮುತ್ತು’, 1961ರಲ್ಲಿ ರಂಗಕ್ಕೆ ಬಂದಿತು. ಬೀದಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುತ್ತಿರುವವನೊಬ್ಬನ ಕೊನೆಯ ಬೇಡಿಕೆಯನ್ನು ಮನ್ನಿಸಿ ಅವನಿಗೆ ಮುತ್ತು ಕೊಟ್ಟ ಸಾಮಾನ್ಯ ಗೃಹಸ್ಥನನ್ನು ಪತ್ರಿಕೆಯೂ ಪೋಲೀಸರೂ ಸೇರಿ ಹೇಗೆ ಹಾಳುಮಾಡುತ್ತಾರೆಂಬ ಈ ದಾರುಣ ಕಥೆಯಲ್ಲಿ, ಗಂಡನ ಮೇಲಣ ನಂಬಿಕೆ ದಿನದಿಂದ ದಿನಕ್ಕೆ ಕುಸಿಯುವ ಹೆಂಡತಿಯ ಪಾತ್ರ ಆಕೆಯದು. ಅದೇ ನಾಟಕಕಾರರ ಮತ್ತೊಂದು ಕೃತಿಯನ್ನು ಆಧರಿಸಿ ಲಿಯೊನ್ ಹಿರ್ಷ್‌ಮನ್ 1965ರಲ್ಲಿ ತೆಗೆದ ‘ದಿವಂಗತೆ’ ಆಕೆಯ ಮೊದಲ ಚಲನಚಿತ್ರ. ಬದುಕಿನಲ್ಲಿ ಏನೂ ದೊರೆಯದ ಉತ್ತರ ರಿಯೊ ಉಪನಗರದ ಬಡ ಗೃಹಿಣಿ, ತನ್ನ ಶವಯಾತ್ರೆಯಾದರೂ ನೆರೆಹೊರೆಯವರು ಬೆರಗಾಗುವಷ್ಟು ವೈಭವದಿಂದ ನಡೆಯಲೆಂದು ಹಂಬಲಿಸುವ ಕಥೆ ಅದು. ಆ ಉಪನಗರಗಳ ನಡೆನುಡಿಯನ್ನು ಆಕೆ ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಬ್ರಸೀಲಿಯಾ ನಗರದಲ್ಲಿ ಅದೇ ವರ್ಷ ನಡೆದ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯೆಂಬ ಮನ್ನಣೆ ದೊರೆಯಿತು. ಆಕೆಗೆ ಆಗ 36 ವರ್ಷ. ರೇಡಿಯೋ ಕೇಂದ್ರವನ್ನು ಹೊಕ್ಕು ಎರಡು ದಶಕಗಳು ಸಂದಿದ್ದುವು. ಆರಂಭವೆಂದು ನಾನು ಕರೆದ ಕಾಲ ಇಲ್ಲಿಗೆ ಮುಗಿಯಿತೆನ್ನಬಹುದು.

ಮುಂದಣದು ಎಲ್ಲರೂ ಬಲ್ಲ ಕೀರ್ತಿಯ ಕಥೆಯಾದುದರಿಂದ ಅದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. 1998ರಲ್ಲಿ ವಾಲ್ಟರ್ ಸಾಲೆಸ್ ನಿರ್ದೇಶಿಸಿದ ‘ಸೆಂಟ್ರಲ್ ದೊ ಬ್ರೆಜಿಲ್’ ಚಿತ್ರದಲ್ಲಿ ಆಕೆ ವಹಿಸಿದುದು ಡೋರಾ ಎಂಬ ನಿವೃತ್ತ ಉಪಾಧ್ಯಾಯಿನಿಯ ಪಾತ್ರವನ್ನು. ರಿಯೊ ನಗರದ ದೊಡ್ಡ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಕುಳಿತು ಅಕ್ಷರ ಬಾರದವರಿಗೆ ಕಾಗದ ಬರೆದುಕೊಡುವುದು ಅವಳ ಜೀವನೋಪಾಯ. ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯ ಪ್ರಶಸ್ತಿಯೂ, ಬ್ರೆಜಿಲ್ ನಟಿಯೊಬ್ಬಳಿಗೆ ಮೊದಲನೆಯದಾದ ಆಸ್ಕರ್ ನಾಮನಿರ್ದೇಶನವೂ ಆಕೆಗೆ ಇದರಿಂದ ಸಂದುವು. ಆ ನಿಲ್ದಾಣವಿರುವುದು ರೇಡಿಯೋ ಕೇಂದ್ರಕ್ಕೆ ಕಾಲ್ನಡಿಗೆಯ ದೂರದಲ್ಲಿ. ಓದು ಬಾರದವರಿಗೆ ಗ್ರಂಥವನ್ನು ಧ್ವನಿಯಾಗಿ ಮುಟ್ಟಿಸುತ್ತಿದ್ದ ತರುಣಿಯೇ ಅರ್ಧ ಶತಮಾನದ ಬಳಿಕ ಓದು ಬಾರದವರ ಧ್ವನಿಯನ್ನು ಅಕ್ಷರವಾಗಿಸುವ ಹೆಂಗಸನ್ನು ಅಭಿನಯಿಸಿದಳು. ಎದುರು ಕುಳಿತವರು ಹೇಳುವುದನ್ನು ಡೋರಾ ಕೇಳಿಸಿಕೊಳ್ಳುವ ದೃಶ್ಯಗಳೇ ಆ ಚಿತ್ರದ ಪ್ರಾಣವೆಂಬುದು ನನ್ನ ಅಭಿಪ್ರಾಯ. ಅನ್ಯರ ಮಾತನ್ನು ಪೂರ್ಣವಾಗಿ ಆಲಿಸುವ ಆ ಶಕ್ತಿ, ಶ್ರವಣವೇ ಸರ್ವಸ್ವವಾದ ಕಲೆಯಲ್ಲಿ ಬೆಳೆದವರಿಗೆ ಸಿದ್ಧಿಸತಕ್ಕುದು. 2022ರಲ್ಲಿ ಬ್ರೆಜಿಲ್ ಸಾಹಿತ್ಯ ಅಕಾಡೆಮಿಯ ಪೀಠವನ್ನು ಆಕೆ ಅಲಂಕರಿಸಿದಾಗ, ನಟಿಗೆ ಸಾಹಿತಿಗಳ ಸಭೆಯಲ್ಲಿ ಸ್ಥಾನವೇಕೆಂದು ಯಾರಾದರೂ ಕೇಳಿದ್ದರೆ, ಆ ಹತ್ತು ವರ್ಷಗಳ ವಾಚನವೇ ತಕ್ಕ ಉತ್ತರವಾಗುತ್ತಿತ್ತು.

ಸಹೃದಯರೇ, ಪ್ರತಿಭೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಪ್ರತಿಭೆಯು ಎಲ್ಲಿ ಹುಟ್ಟುತ್ತದೆಂಬುದನ್ನು ಮುಂದಾಗಿ ತಿಳಿಯಲು ಯಾವ ಸಮಾಜಕ್ಕೂ ಸಾಧ್ಯವಿಲ್ಲವಾದುದರಿಂದ, ಅದು ಹುಟ್ಟಿದ ಮನೆ ಯಾವುದೇ ಆಗಲಿ, ಕಲಿಯುವುದಕ್ಕೆ ಸ್ಥಳವನ್ನೂ ತಪ್ಪುಗಳನ್ನು ತಿದ್ದಿಕೊಳ್ಳುವುದಕ್ಕೆ ಕಾಲವನ್ನೂ ಒದಗಿಸುವುದೊಂದೇ ಸಮಾಜ ಮಾಡಬಹುದಾದ ಕೆಲಸ. ರೊಕೆಟ್ ಪಿಂಟೊ ಅವರು ತಮ್ಮ ಸಂಸ್ಥೆಯನ್ನು ಕೊಟ್ಟಾಗ ಯಾವ ನಟಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಲಾಭದ ಲೆಕ್ಕಕ್ಕೆ ಸಿಕ್ಕದ ಒಂದು ಜಾಗ ನಾಡಿನಲ್ಲಿ ಉಳಿಯಬೇಕೆಂಬುದಷ್ಟೇ ಅವರ ಸಂಕಲ್ಪ. ಜಾಹೀರಾತಿನ ಅವಸರವಿಲ್ಲದ ಆ ಜಾಗದಲ್ಲಿ ಹದಿನೈದರ ಹುಡುಗಿಯೊಬ್ಬಳು ಇಪ್ಪತ್ತೈದರ ತನಕ ನಿಧಾನವಾಗಿ ಮಾಗಲು ಸಾಧ್ಯವಾಯಿತು. ಇಂದಿನ ತರುಣ ಕಲಾವಿದರನ್ನು ನಾವು ಮೊದಲ ವರ್ಷದಲ್ಲಿಯೇ ಕೀರ್ತಿಯ ತಕ್ಕಡಿಗೆ ಹಾಕಿ ತೂಗುತ್ತೇವೆ. ತೂಕ ಕಡಿಮೆಯಾದರೆ ಮರೆತುಬಿಡುತ್ತೇವೆ. ಫೆರ್ನಾಂಡಾ ಮೊಂಟೆನೆಗ್ರೊ ಅವರ ಆರಂಭದ ಚರಿತ್ರೆಯನ್ನು ಬಲ್ಲವರು ಹಾಗೆ ಮಾಡಲಾರರು. ಊರೂರಿನ ಗ್ರಂಥಾಲಯ, ರೇಡಿಯೋ ಕೇಂದ್ರ, ಹವ್ಯಾಸಿ ಬಳಗ, ತಾಲೀಮಿನ ಕೊಠಡಿ, ಇವುಗಳನ್ನು ಹೆಸರಿನ ಆಸೆಯಿಲ್ಲದೆ ಕಾಪಾಡಿಕೊಂಡು ಬಂದವರೇ ಮುಂದಣ ತಲೆಮಾರಿನ ಕಲೆಗೆ ನಿಜವಾದ ಆಶ್ರಯದಾತರೆಂದು ನಾನು ದೃಢವಾಗಿ ನಂಬಿದ್ದೇನೆ.